ಮೂಲೆಯ ಮನೆ

ಚಳಿಗಾಲದ ಅಯ್ವಾಲಿಕ್‌ನಲ್ಲಿ ಸಂಜೆ ನಾಲ್ಕಕ್ಕೇ ದೀಪ.
ಆಲಿವ್ ಗಾಣದ ಹಿಂಡಿಯ ವಾಸನೆ
ಅಪ್ಪನ ಚಹದಂಗಡಿಯ ಪರದೆಯಲ್ಲಿ, ನನ್ನ ಜಡೆಯಲ್ಲಿ.
ಒಲೆಯ ಪಕ್ಕದ ಮೇಜು ರಾಸಿಮ್ ಅಜ್ಜನದು:
ಮೂವತ್ತೊಂದು ವರ್ಷ ಅಂಚೆ ಹಂಚಿ
ಎಡಗಾಲು ಸವೆಸಿಕೊಂಡವರು.
ಎದುರಿಗೆ ಬಲೆ ಹೊಲಿಯುವ ತುಂಜಾಯ್.
ಅವನದೊಂದು ಕಾಯಿ ಹೊಡೆಸಿಕೊಂಡು
ತಾವ್ಲಾ ಹಲಗೆಯ ನಡುಗಟ್ಟೆಯ ಮೇಲೆ ಕೂತಿದೆ,
ಕೊನೆಯ ದೋಣಿ ತಪ್ಪಿಸಿಕೊಂಡವನ ಹಾಗೆ.
ಒಳಗೆ ಬರಲು ಆರು ಬೇಕು, ಆರೇ ಬೇಕು.
ಮಿಕ್ಕ ಐದೂ ಮನೆಗೆ ಅಜ್ಜನ ಬೀಗ.

ಐದು ಸಲ ಎಸೆದಾಯಿತು.
ನಾಲ್ಕು ಮೂರು. ಎರಡು ಒಂದು. ಜೋಡಿ ಐದು,
ಬಂದರೂ ಬಾರದ ಜೋಡಿ.
ಆಮೇಲಿನವು ನನಗೆ ನೆನಪಿಲ್ಲ.

‘ಬರಬೇಕಾದ್ದು ಬಾಕಿ ಇದೆ, ಈ ಸಲ ಬರಲೇಬೇಕು.
ಇಷ್ಟಕ್ಕೂ ಮೂರರಲ್ಲೊಂದು ಪಾಲು ನನ್ನದು’
ಎಂದ ತುಂಜಾಯ್, ದಾಳ ಕುಲುಕುತ್ತ.
‘ಬಿಳಿಯದರಲ್ಲಿ ಆರು ಬಿದ್ದರೆ ಆರು ದಾರಿ,
ಹಳದಿಯದರಲ್ಲಿ ಬಿದ್ದರೆ ಇನ್ನಾರು.
ಮೂವತ್ತಾರಕ್ಕೆ ಹನ್ನೆರಡು.
ಶಾಲೆ ಬಿಟ್ಟವನಿಗೂ ಇಷ್ಟು ಬರುತ್ತದೆ.’

ಅಜ್ಜ ಅವನ ಮುಷ್ಟಿಯ ಮೇಲೆ ಅಂಗೈ ಇಟ್ಟರು.
‘ಬೇರಿನ್, ಸಕ್ಕರೆ ಡಬ್ಬಿ ತಾ ಮಗಳೇ.’

ಆರು ಸಾಲು. ಸಾಲಿಗೆ ಆರು ಸಕ್ಕರೆ ಗಟ್ಟಿ.
ಅಪ್ಪ ಗಲ್ಲಾದಿಂದ ಕೆಮ್ಮಿದರು,
ಯಾರೂ ಕೇಳಿಸಿಕೊಳ್ಳಲಿಲ್ಲ.

‘ಇದು ನನ್ನ ಪೇಟೆ. ಕಡಲಿಗೆ ಇಳಿಯುವ ಬೀದಿ ಆರು,
ಅಡ್ಡ ಹಾಯುವ ಓಣಿ ಆರು.
ಬಿಳಿ ದಾಳ ಬೀದಿ ಹೇಳುತ್ತದೆ, ಹಳದಿ ದಾಳ ಓಣಿ.
ಒಂದು ಎಸೆತಕ್ಕೆ ಒಂದೇ ಮನೆಗೆ ಕಾಗದ,
ಯಾವ ಮನೆಯ ಮೇಲೂ ಅದಕ್ಕೆ ಅಕ್ಕರೆಯಿಲ್ಲ.
ಈಗ ಆರನೆಯ ಬೀದಿಯ ಮನೆಗಳಿಗೆ
ಒಂದೊಂದು ಹನಿ ಚಹ ಬಿಡು.
ಆಯಿತೇ? ಆರನೆಯ ಓಣಿಯವಕ್ಕೂ ಬಿಡು.’

ತುಂಜಾಯ್ ಚಮಚ ಹಿಡಿದು,
ಬಲೆಯ ಕಣ್ಣಿಗೆ ದಾರ ಪೋಣಿಸುವ ಎಚ್ಚರದಲ್ಲಿ,
ಬೀದಿ ಮುಗಿಸಿ ಓಣಿ ಹಿಡಿದು ಬಂದ.
ಕೊನೆಗೆ ಮೂಲೆಯ ಗಟ್ಟಿ,
ಆಗಲೇ ಒಮ್ಮೆ ತೊಯ್ದದ್ದು,
ಎರಡನೆಯ ಹನಿಗೆ ಸುಮ್ಮನೆ ಕುಸಿಯಿತು.

‘ಎಣಿಸು.’
ಬಿಳಿ ಇಪ್ಪತ್ತೈದು. ಕಂದು, ಕುಸಿದದ್ದೂ ಸೇರಿ,
ಹನ್ನೊಂದು.
ಬೆರಳಿಟ್ಟು ಮತ್ತೆ ಎಣಿಸಿದ. ಹನ್ನೊಂದೇ.

‘ಆ ಮೂಲೆಯದು ನೆಬಾಹತ್‌ಳ ಮನೆ’ ಎಂದರು ಅಜ್ಜ.
‘ಬೀದಿಗೊಂದು ಬಾಗಿಲು, ಓಣಿಗೊಂದು.
ಇಸ್ಕೆಂದೆರುನ್‌ಗೆ ಕೊಟ್ಟ ತಂಗಿ
ಯಾವುದೋ ಬಳೆಯ ಜಗಳಕ್ಕೆ ಕಾಗದ ನಿಲ್ಲಿಸಿದಳು.
ಇವಳು ಎರಡೂ ಬಾಗಿಲಿಗೆ ತಗಡಿನ ಪೆಟ್ಟಿಗೆ ಹೊಡೆಸಿದಳು,
ಒಂದರಲ್ಲಲ್ಲದಿದ್ದರೆ ಒಂದರಲ್ಲಿ ಬಿದ್ದೀತೆಂದು.
“ಇಷ್ಟು ದಿನ ಬರಲಿಲ್ಲ, ರಾಸಿಮ್,
ನಾಳೆ ಬರಲೇಬೇಕು ಅಲ್ಲವೇ?” ಅನ್ನುವಳು, ನಿನ್ನ ಹಾಗೇ.
ನಾಳೆಯ ಚೀಲ ನಾಳೆಯೇ ತುಂಬುತ್ತಾರೆ, ತುಂಜಾಯ್.
ನಿನ್ನೆ ಖಾಲಿಯಿತ್ತೆಂದು
ಯಾವ ಗುಮಾಸ್ತನೂ ಕಾಗದವೊಂದು ಹೆಚ್ಚಿಗೆ ಹಾಕುವುದಿಲ್ಲ.’

‘ಅವರಿಗೆ ಹಾಗೆಂದು ಹೇಳಿದಿರಾ?’
ಕೇಳಿದ್ದು ನಾನು, ತಟ್ಟೆ ಎದೆಗವಚಿಕೊಂಡು.

ಅಜ್ಜ ಲೋಟದ ತಳ ನೋಡಿದರು.
‘ಇವತ್ತಿಲ್ಲ, ಅಂದೆ.
ಬೀದಿಯ ಬಾಗಿಲಲ್ಲಿ ಒಮ್ಮೆ.
ಸುತ್ತಿ ಬಂದು, ಓಣಿಯ ಬಾಗಿಲಲ್ಲಿ ಇನ್ನೊಮ್ಮೆ.
ಅಲ್ಲೂ ಕಾದಿರುತ್ತಿದ್ದಳಲ್ಲ.
ಲೆಕ್ಕಕ್ಕೆ ಅವಳದು ಒಂದೇ ಮನೆ.
ಕಾಲು ಸವೆದದ್ದು ಎರಡು ಮನೆಗೆ.’

ತುಂಜಾಯ್ ಏನೂ ಅನ್ನದೆ ಎಸೆದ.
ಹಳದಿ ದಾಳ ಹಲಗೆಯ ಮೇಲೆ ಮೂರು ತೋರಿಸಿ ನಿಂತಿತು.
ಬಿಳಿಯದು ಅಂಚಿಗೆ ತಾಗಿ ಜಿಗಿದು
ಒಲೆಯ ಕೆಳಗೆ ಉರುಳಿತು.
ಹೊರಗೆ ಬಿದ್ದದ್ದು ಆಟಕ್ಕಿಲ್ಲ,
ಎರಡನ್ನೂ ಮತ್ತೆ ಎಸೆಯಬೇಕು.

ಮಂಡಿಯೂರಿ ಬಗ್ಗಿದೆ.
ಬೂದಿಯ ನಡುವೆ, ಕೆಂಡದ ಬೆಳಕಿನಲ್ಲಿ,
ಎದುರುಬದುರು ಮೂರು ಮೂರು ಚುಕ್ಕಿ.
ಮುಷ್ಟಿಯಲ್ಲಿ ಮುಚ್ಚಿ ಎತ್ತಿಕೊಂಡೆ.
ಎಷ್ಟು ಬಿದ್ದಿತ್ತೆಂದು ಅವನು ಕೇಳಲಿಲ್ಲ,
ನಾನೂ ಹೇಳಲಿಲ್ಲ.